ಮೂರನೇ ಮಹಡಿಯ ಗಂಟೆ

ಫೋರ್ಟಿನ ಈ ಕಟ್ಟಡದ ಲಿಫ್ಟಿಗೆ ಇನ್ನೂ ಜಾಲರಿ ಬಾಗಿಲು,
ಸ್ಟೂಲಿನ ಮೇಲೆ ದೂಮಪ್ಪ ಸಾಲ್ಯಾನ್.
ಏರತೊಡಗಿದರೆ ಮೇಲಿನವರನ್ನೆಲ್ಲ ಮುಗಿಸಿಯೇ ಇಳಿಯುವವನು;
ನಡುವೆ ಕೆಳಗಿಂದ ಯಾರು ಕೂಗಿದರೂ
‘ಥಾಂಬಾ’, ಅಷ್ಟೇ.

ಐದನೆಯದರಲ್ಲಿ ನಾನು, ವಕೀಲರ ಹಳೇ ಕಂಪ್ಯೂಟರಿನೆದುರು.
ಬ್ಯಾಕಪ್ ಓಡುತ್ತಿದೆ. ಟೈಪಿಸ್ಟ್ ಫ್ರೇನಿಯ
ಒಂದೇ ಒಂದು ನೋಟೀಸು ತೆರೆಯಲು
ಕರಕರ ಕೆಮ್ಮುತ್ತದೆ ಡಿಸ್ಕು.
ಶೆಡ್ಯೂಲರ್ ಯಾವುದಿಡಲಿ?
ಎಲ್ಲರಿಗೂ ಸಮಪಾಲು ಅನ್ನುವುದೋ,
ಕಾದವರಿಗೊಂದು ಗಡುವು ಕೊಡುವುದೋ,
ಬಂದಹಾಗೆ ಬಿಟ್ಟುಬಿಡುವುದೋ?

ಟರ್ರ್... ಮೂರನೇ ಮಹಡಿ, ಆಗಿನಿಂದ.
ಡಯಾಲಿಸಿಸ್ಸಿಗೆ ಹೊರಟು ನಿಂತ ಮಿಸ್ತ್ರಿ ಮುದುಕ.
ಏರುತ್ತಿದ್ದ ಲಿಫ್ಟು ಗಕ್ಕನೆ ನಿಂತು
ಹೊಟ್ಟೆ ತುಂಬ ಬೈಗುಳ ಹೊತ್ತುಕೊಂಡೇ
ಕೆಳಗಿಳಿಯಿತು.

ಗಡುವಿನದನ್ನೇ ಬರೆದು ಎಂಟರ್ ಒತ್ತಿದೆ.
ನೋಟೀಸು ತೆರೆದುಕೊಂಡಿತು.
‘ಚಹಾ ಹೇಳಲಾ?’ ಅಂದಳು ಫ್ರೇನಿ.
ಬ್ಯಾಕಪ್ಪಿಗೆ ಇನ್ನೆರಡು ತಾಸು.