ಗಾಡಿಯ ಓರೆ

ಇಲಿಯಾಸನ ಹೆಬ್ಬೆರಳಿನ ಉಗುರು ಕಪ್ಪಾಗಿ ಕಳಚಿದ ವಾರ
ಬಿಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ
ನಾನೊಂದು ಗಾಡಿ ಬರೆದೆ.
ಎರಡು ಗಾಲಿ, ಒಂದು ತಟ್ಟೆ, ಬಾಗಿದ ಹಿಡಿ.
"ತೊಟ್ಟಿಲಾ ಅಕ್ಕಾ?" ಅಂದ, ಕುಂಟುತ್ತಾ.
ಹೌದಪ್ಪ, ಅವಳಿಗಳಿಗೆ.
ಕರಿಯನಿಗೆ ಎಣ್ಣೆಯ ಕೈ ತಾಗಕೂಡದು,
ಕೆಂಪಿಯನ್ನು ಅಡ್ಡ ಮಲಗಿಸಕೂಡದು.
ಮಲಗದ ಮಕ್ಕಳಿಗೆ ತೊಟ್ಟಿಲು.

ಆಟೋ ಕಾಂಪ್ಲೆಕ್ಸಿನ ನಮ್ಮ ಸಾಲಿನಲ್ಲಿ
ಹದಿನಾರು ಶೆಡ್ಡು, ಒಂದಕ್ಕೂ ಗಾಡಿಯಿಲ್ಲ.
ಸಿಲಿಂಡರನ್ನು ಓರೆ ಮಾಡಿ, ಬುಡದ ಅಂಚಿನ ಮೇಲೆ
ತಿರುಗಿಸಿಕೊಂಡೇ ಹೋಗುತ್ತಾರೆ ಎಲ್ಲರೂ,
ಚಿನ್ನದೊರೆ ಮೇಸ್ತ್ರಿ ಕಲಿಸಿದ ಹಾಗೆ.
ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬಲಗೈಗೊಂದು, ಎಡಗೈಗೊಂದು,
ಎರಡನ್ನೂ ಒಟ್ಟಿಗೆ ನಡೆಸಿದವರು
ಈಗ ಬೆಳಗಿನ ಬಸ್ಸಿಗೆ ಬಂದು
ನಮ್ಮ ಬಾಗಿಲ ಸ್ಟೂಲಿನಲ್ಲಿ ಕೂತು
ಯಾರ ಬೆಸುಗೆ ಹೊಟ್ಟೆ ಉಬ್ಬಿದೆ ಅಂತ ಹೇಳುತ್ತಾರೆ.
ಗಾಡಿಯ ಮಾತಿಗೆ ಏನೂ ಹೇಳಲಿಲ್ಲ.
ಬೀಡಿ ಹಚ್ಚಲು ಎದ್ದು, ಎಂದಿನಂತೆ, ರಸ್ತೆಯಾಚೆ ಹೋದರು.

ಗುಜರಿ ಖಲಂದರನ ರಾಶಿಯಲ್ಲಿ ಸಿಕ್ಕಿದ್ದು
ಹಳೇ ಸ್ಕೂಟರಿನ ಎರಡು ಗಾಲಿ, ಒಂದರಲ್ಲಿ ಮಾತ್ರ ಗಾಳಿ ನಿಲ್ಲುತ್ತದೆ;
ಟಿಲ್ಲರಿನ ಅಚ್ಚು;
ತೀರ್ಥಹಳ್ಳಿ ಬಸ್ಸಿನ ಫುಟ್‌ಬೋರ್ಡು,
ಗೀರು ಸವೆದು ನಡುವೆ ಕನ್ನಡಿಯಾಗಿದೆ,
ಎಷ್ಟು ಜನ ಅದರ ಮೇಲೆ ಒಂಟಿಕಾಲಲ್ಲಿ ನಿಂತಿದ್ದರೋ;
ನರ್ಸಿಂಗ್ ಹೋಮಿನ ಮಂಚದ ಪೈಪು.
ಎಲ್ಲಾ ಸೇರಿ ಎಂಟುನೂರ ನಲವತ್ತು.
ನಲವತ್ತು ಬಿಡು ಅಂದರೆ
ನಿನ್ನಪ್ಪನೂ ಹೀಗೇ ಅನ್ನುತ್ತಿದ್ದ ಅಂತ ನಕ್ಕ, ಬಿಡಲಿಲ್ಲ.

ಖಾಲಿ ಪೈಪು ಬಗ್ಗುವಾಗ ಕತ್ತು ಮುರಿದುಕೊಳ್ಳುತ್ತದೆ,
ಒಳಗೆ ಏನಾದರೂ ತುಂಬಿರಬೇಕು.
ತುಂಗೆಯ ಮರಳು ತಂದು, ಜರಡಿ ಹಿಡಿದು
ಉಪ್ಪಿಟ್ಟಿನ ಬಾಣಲೆಯಲ್ಲಿ ಹುರಿದೆ,
ರವೆಯ ಹಾಗೆ, ಘಮ ಬರುವ ತನಕ ಅಲ್ಲ,
ಹಬೆ ನಿಲ್ಲುವ ತನಕ.
ಒಂದು ಹನಿ ಹಸಿ ಉಳಿದರೂ ಪೈಪು ಪಟಾಕಿ.
(ಬಾಣಲೆ ಇನ್ನೂ ಮನೆಗೆ ವಾಪಸ್ ಹೋಗಿಲ್ಲ. ಅತ್ತೆ ಹುಡುಕುತ್ತಿದ್ದಾರೆ.)
ಎರಡೂ ತುದಿಗೆ ಮರದ ಬಿರಡೆ ಬಡಿದು
ನಡುವಿಗೆ ಉರಿ ಹಿಡಿದರೆ
ಕೇಸರಿಗೆ ತಿರುಗಿದ ಕಬ್ಬಿಣ
ಕರೆದ ಕಡೆಗೆ ಬಂತು.

ಉಳಿದದ್ದು ಒಂದೇ ಲೆಕ್ಕ,
ಎಷ್ಟು ಹಿಂದಕ್ಕೆ ವಾಲಬೇಕು?
ಕಡಿಮೆಯಾದರೆ ಮುಗ್ಗರಿಸುತ್ತದೆ,
ಹೆಚ್ಚಾದರೆ ಇಡೀ ಭಾರ ತಳ್ಳುವವನ ಮಣಿಕಟ್ಟಿಗೆ.
ಮೊಬೈಲು ಡಿಗ್ರಿ ಹೇಳಿತು. ನಂಬಿಕೆ ಬರಲಿಲ್ಲ.

ಆಗ ಸ್ಟೂಲು ಕಿರ್ ಎಂದಿತು.
ಮೇಸ್ತ್ರಿ ಬಂದು ಕರಿಯನ ಕತ್ತಿಗೆ ಅಂಗೈ ಇಟ್ಟು
ಮೆಲ್ಲಗೆ ವಾಲಿಸಿದರು.
ಇನ್ನಷ್ಟು. ಇನ್ನೊಂದು ಕೂದಲೆಳೆ.
ನಿಂತರು.
ನನ್ನ ಕೈ ಎಳೆದು ತಮ್ಮ ಕೈಯ ಜಾಗದಲ್ಲಿಟ್ಟರು.
ಏನೂ ಇರಲಿಲ್ಲ ಅಲ್ಲಿ.
ಎದೆಯೆತ್ತರದ ಉಕ್ಕು, ಅರವತ್ತು ಕಿಲೋ,
ಎರಡು ಬೆರಳಿಗೆ ಹೆಗಲ ಟವೆಲಿನಷ್ಟು.
"ಇಲ್ಲಿ" ಅಂದರು, "ಇಲ್ಲಿ ತೂಕಕ್ಕೆ ತನ್ನ ನೆನಪಿರಲ್ಲ.
ಗುರುತು ಹಾಕ್ಕೊ."
ಇಲಿಯಾಸ್ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದ.
ಗೆರೆಗೆ ಸರಿಯಾಗಿ ಬೆನ್ನುಪಟ್ಟಿ ಕೊಯ್ದೆ
ಅದೇ ಕರಿಯನ, ಅದೇ ಕೆಂಪಿಯ ಉರಿಯಲ್ಲಿ.
ಕಂಬಕ್ಕೆ ಸರಪಳಿ ಬಿಗಿಸಿಕೊಂಡು
ಇಬ್ಬರೂ ತಮ್ಮ ಗಾಡಿಗೆ ತಾವೇ ದುಡಿದರು.

ಮುಗಿದ ಸಂಜೆ ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು.
ಎರಡು ಇಂಚು.
ಎಲ್ಲ ಅಳೆದಿದ್ದೆ, ನನ್ನದೇ ಬಾಗಿಲೊಂದನ್ನು ಬಿಟ್ಟು.
ಇಡೀ ಸಾಲು ಬಂದು ನಕ್ಕಿತು, ಚಹಾ ನನ್ನ ಲೆಕ್ಕಕ್ಕೆ.
ಅಚ್ಚು ಕೊಯ್ದು ಮತ್ತೆ ಬೆಸೆದೆ.
ಆ ಬೆಸುಗೆಯ ಹೊಟ್ಟೆ ಉಬ್ಬಿದೆ. ಯಾರು ಹೇಳಿದರು ಕೇಳಬೇಡಿ.

ಈಗ ಸಾಗರ ರಸ್ತೆಯ ಅಂಚಿನಲ್ಲಿ
ಒಂದು ಕೈಗೆ ಮಿರ್ಚಿ, ಒಂದು ಕೈಗೆ ಗಾಡಿ, ಇಲಿಯಾಸ್.
ಪೈಪಿನಿಂದ ಬರದೇ ಉಳಿದ ಒಂದಿಷ್ಟು ಮರಳು
ಹೆಜ್ಜೆಗೊಮ್ಮೆ ಒಳಗೇ ಸರಿಯುತ್ತದೆ.
ಪಕ್ಕದಲ್ಲಿ ಮೇಸ್ತ್ರಿ, ಬರಿಗೈ,
ಬಲ ಅಂಗೈ ಎದೆಯ ಮಟ್ಟಕ್ಕೆ ಎತ್ತಿ, ತುಸು ಓರೆಯಾಗಿಟ್ಟು,
ಇಲ್ಲದ ಕತ್ತೊಂದನ್ನು ನಡೆಸುತ್ತಾ.