ಹದಿನಾರನೆಯ ಕುಳಿ

ಗಾಂಧಿ ಬಜಾರಿನ ಬಾಯಲ್ಲಿ, ಇನ್ನೂ ತೆರೆಯದ
ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ
ಅವ್ವ ಗರಿಕೆ ಮಾರುತ್ತಾಳೆ.
ಇಪ್ಪತ್ತೊಂದು ಕುಡಿ, ಬಾಳೆನಾರಿನ ಒಂದು ಸುತ್ತು,
ಕಟ್ಟಿಗೆ ಹತ್ತು. ಚೌತಿಯ ಹಿಂದಿನ ದಿನ ಇಪ್ಪತ್ತು.
ಒಂಬತ್ತಕ್ಕೆ ಪುಖರಾಜ್ ಶೇಟ್ ಶಟರ್ ಎತ್ತುವ ಹೊತ್ತಿಗೆ
ಮೆಟ್ಟಿಲು ಗುಡಿಸಿ ಎದ್ದಿರಬೇಕು,
ಅದೇ ಬಾಡಿಗೆ.

ಆ ದುಡ್ಡಲ್ಲೇ ನವಿಲೆಯಲ್ಲಿ ನಾಲ್ಕು ವರ್ಷ ಕೃಷಿ ಓದಿದೆ.
ಗರಿಕೆಗೆ ಸೈನೋಡಾನ್ ಡ್ಯಾಕ್ಟಿಲಾನ್ ಎಂದು ಬರೆದು
ಎರಡು ಅಂಕ ತಗೊಂಡೆ.
ಆಮೇಲೆ ಒಂದು ವರ್ಷದ ವೀಸಾ,
ವರ್ಜೀನಿಯಾದ ಒಂದು ಗಾಲ್ಫ್ ಮೈದಾನ,
ಎದೆಯ ಮೇಲೆ ಹೊಲಿದ ಹೆಸರು, ಅದರಡಿ ಇಂಟರ್ನ್.

ಬೆಳಗಿನ ನಾಲ್ಕೂವರೆ. ಆಡುವವರು ಏಳುವ ಮೊದಲು
ನಾವು ಬಂದಿದ್ದರ ಗುರುತು ಅಳಿಸುವುದೇ ಕೆಲಸ.
ಉದ್ದನೆ ಕೋಲು ಬೀಸಿ ಹುಲ್ಲಿನ ಇಬ್ಬನಿ ಕೊಡವು.
ಮರಳುಗುಂಡಿ ಬಾಚು, ಹಿಂದಕ್ಕೆ ನಡೆಯುತ್ತ,
ನಿನ್ನ ಹೆಜ್ಜೆ ನೀನೇ ಗೀರುತ್ತ.
ಹುಲ್ಲು ಮೂರು ಮಿಲಿಮೀಟರ್.
ಮೂರೂವರೆ ಆದರೆ ಡಗ್ ಮಂಡಿಯೂರಿ ನೋಡುತ್ತಿದ್ದ,
ಬೈಯುತ್ತಿರಲಿಲ್ಲ, ಅದೇ ಕಷ್ಟ.

ಕುಳಿಯನ್ನು ದಿನಾ ಬದಲಿಸಬೇಕು.
ಹೊಸ ಜಾಗದಲ್ಲಿ ಕೊರೆದ ಮಣ್ಣಿನ ಉರುಳೆಯನ್ನು
ಹಳೆಯ ಬಾಯಿಗೆ ತುರುಕಿ, ಅಂಗೈಯಿಂದ ಒತ್ತಿ,
ಒಂದು ಲೋಟ ನೀರು.
ಎಸ್ತೆಬಾನ್ ಕಲಿಸಿದ, ಒಂದು ಮಾತೂ ಆಡದೆ.
ಹದಿನೇಳು ವರ್ಷದಿಂದ ಕುಳಿ ಸಾಗಿಸುತ್ತಿದ್ದವನು
ಒಂದು ಸಲವೂ ಚೆಂಡು ಹೊಡೆದಿರಲಿಲ್ಲ.

ಜುಲೈನಲ್ಲಿ ಅಂಚಿನಿಂದ ನುಗ್ಗಿತು ಒಂದು ಕಳೆ.
ಬರ್ಮುಡಾ, ಅಂದ ಡಗ್, ಉಗುಳುವ ಹಾಗೆ.
ಚಾಕು ಹಿಡಿದು ಕೂತೆ. ಗೆಣ್ಣು ಗೆಣ್ಣಿಗೂ ಬೇರು,
ತುದಿಗೆ ಮೂರೆಸಳು,
ನನಗೆ ಗೊತ್ತಿದ್ದ ಮುಖ.
ಗಂಟೆಗೆ ಹದಿನಾಲ್ಕು ಡಾಲರ್.
ಮೂರು ದಿನ ಕಿತ್ತೆ. ಹನ್ನೊಂದು ಚೀಲ ಆಯಿತು.

ರಾತ್ರಿ ಫೋನಿನಲ್ಲಿ ಹೇಳಿಬಿಟ್ಟೆ.
‘ಕಿತ್ತಿದ್ದು ಏನ್ ಮಾಡಿದ್ರಿ?’
‘ಎಸೆದ್ವಿ ಅವ್ವ.’
ಆ ಕಡೆ ಬೆಳಗಿನ ಬಸ್ಸಿನ ಹಾರನ್ನು, ಯಾರದೋ ಚೌಕಾಸಿ.
ತುಸು ತಡೆದು ಕೇಳಿದಳು:
‘ಮೂರೆಸಳಿಂದಾ, ಐದೆಸಳಿಂದಾ?’

ನವೆಂಬರಿನ ಒಂದು ಬೆಳಗ್ಗೆ ಇಬ್ಬನಿಯೇ ಗಟ್ಟಿಯಾಗಿ
ಹುಲ್ಲು ಬೆಳ್ಳಗೆ ನಿಂತಿತ್ತು. ನನಗೇನು ಗೊತ್ತು,
ಹದಿನಾರನೆಯ ಕುಳಿಗೆ ಬಾವುಟ ನೆಡಲು
ನೇರ ನಡೆದುಬಿಟ್ಟೆ. ಕಾಲಡಿ ಹಪ್ಪಳ ಮುರಿದ ಸದ್ದು.
ಅವತ್ತು ಏನೂ ಕಾಣಲಿಲ್ಲ. ಮರುದಿನವೂ.
ಮೂರನೆಯ ದಿನ ಹೆಜ್ಜೆಗಳು ಎದ್ದವು,
ಸುಟ್ಟ ಕಂದು, ಏಳನೇ ನಂಬರಿನ ಬೂಟು,
ಹೋದದ್ದು ಇಪ್ಪತ್ತಾರು, ಬಂದದ್ದು ಇಪ್ಪತ್ತೆಂಟು.
ಬಿಳಿ ಟೊಪ್ಪಿಯ ಸದಸ್ಯರು ಸುತ್ತ ನಿಂತು
ಇದು ಯಾರದ್ದು ಎಂದು ಕೇಳಿದರು.
ಅಷ್ಟು ತಿಂಗಳಲ್ಲಿ ಅದೇ ಮೊದಲು
ಅವರು ನನ್ನ ಬಗ್ಗೆ ಕೇಳಿದ್ದು.
ವಿಮಾನ ಹತ್ತುವ ದಿನವೂ ಅವು ಅಲ್ಲೇ ಇದ್ದವು.

ಈಗ ಸವಳಂಗ ರಸ್ತೆಯ ಕಲ್ಯಾಣ ಮಂಟಪಕ್ಕೆ
ಲಾನ್ ಹಾಸುವ ಕಂಟ್ರಾಕ್ಟು. ವಾರಕ್ಕೆರಡು ಮದುವೆ,
ಶಾಮಿಯಾನದ ಗೂಟ, ಚೆಲ್ಲಿದ ಸಾರು.
ಹುಲ್ಲಿಗೆ ಕ್ಷಮೆ ಕೇಳಲು ಪುರುಸೊತ್ತಿಲ್ಲ.
ನಸುಕಿಗೆ ಮಾತ್ರ ಅವ್ವನ ಜೊತೆ ತುಂಗಾ ನಾಲೆಯ ಏರಿಗೆ.
ಬರಿಗಾಲಲ್ಲಿ ಅವಳು ಮುಂದೆ,
ಉಗುರಲ್ಲೇ ಚಿವುಟುತ್ತಾಳೆ, ಅಳತೆ ಕೇಳಿದರೆ ನಗುತ್ತಾಳೆ.
ಇಬ್ಬನಿಯಲ್ಲಿ ಅವಳ ಕಾಲಿನ ಸಾಲು.
ನಾನು ಪಕ್ಕಕ್ಕೆ ಸರಿದು ನಡೆಯುತ್ತೇನೆ.
‘ಏನೋ ಹುಡುಕ್ತಿದ್ದೀಯ, ದುಡ್ಡು ಬೀಳಿಸ್ಕೊಂಡ್ಯಾ?’
ಏನಿಲ್ಲ ಅಂದೆ.

ಮೂರನೆಯ ದಿನ ಒಬ್ಬನೇ ಹೋಗಿ ನೋಡಿದೆ.
ಯಾರದೋ ಎಮ್ಮೆ ಮೇದು ಹೋಗಿತ್ತು.
ಗರಿಕೆ ಒಂದು ಗೆಣ್ಣು ಮುಂದೆ ನಡೆದು
ಏರಿಯ ಟಾರಿನ ಬಿರುಕಿಗೆ ಕಾಲಿಟ್ಟಿತ್ತು.