ಐದು–ಒಂಬತ್ತು

ಹಗಲು ನಾನು ತಕ್ಕಡಿಗಳ ಇನ್ಸ್‌ಪೆಕ್ಟರು.
ಯಶವಂತಪುರದ ಈರುಳ್ಳಿ ಮಂಡಿಯಲ್ಲಿ
ತೂಕದ ಕಲ್ಲು ಬೋರಲು ಹಾಕಿ
ತಳದ ಸೀಸ ಕೆರೆದಿದ್ದಾರೋ ಎಂದು ಬೆರಳಾಡಿಸುವವನು.
ಇಪ್ಪತ್ತು ಗ್ರಾಂ ಹೆಚ್ಚುಕಮ್ಮಿಗೂ ರಸೀದಿ ಹರಿಯುತ್ತೇನೆ.
"ತಟ್ಟೆಗೆ ಮಣ್ಣು ಮೆತ್ತಿದೆ ಸಾರ್, ಅಷ್ಟೇ" ಅಂತಾರೆ.
ಮಣ್ಣೂ ತೂಗುತ್ತೆ ಸ್ವಾಮಿ, ಅಂತೀನಿ.

ರಾತ್ರಿ ಹತ್ತರ ಮೇಲೆ ಮತ್ತಿಕೆರೆಯ ತಾರಸಿ ರೂಮು.
ನೀರಿನ ಟ್ಯಾಂಕಿನಿಂದ ಪಕ್ಕದ ಮನೆ ಸಜ್ಜೆಗೆ
(ಕೇಳಿಯೇ ಕಟ್ಟಿದ್ದು, ಜಹಾಂಗೀರು ಕೊಟ್ಟು)
ಒಂದು ತಾಮ್ರದ ತಂತಿ.
ನೂರ ಅರವತ್ತು ಮೀಟರಿನ ಅಲೆಗೆ ಅದು
ಆನೆಗೆ ಕಟ್ಟಿದ ಉಡಿದಾರ.

ಮೀಟರಿನ ಮುಳ್ಳು ಹಳದಿ ಬೆಳಕಲ್ಲಿ ನಡುಗುತ್ತೆ.
ಯಾರೂ ಮಾತಾಡದಿದ್ದರೂ ಎಂಟು.
ಎಂಟು ಅಂದರೆ ಮಾತಲ್ಲ, ಬಡಾವಣೆಯ ಗೊರಕೆ:
ಎದುರುಮನೆ ಎಲ್‌ಇಡಿ ಸಾಲು, ಮೂರನೇ ಮಹಡಿಯ ಯುಪಿಎಸ್,
ಸ್ಕೂಟರಿಗೆ ರಾತ್ರಿಯಿಡೀ ಉಣಿಸುವ ಚಾರ್ಜರು,
ಲಿಫ್ಟು ಹತ್ತಿದಾಗೊಮ್ಮೆ ಒಂದು ಕೆಮ್ಮು.
ಅದರಡಿ, ಬಹಳ ಅಡಿಯಲ್ಲಿ
ಯಾರೋ ಕರೆಯುತ್ತಿರಬಹುದು.

ನಮ್ಮ ಹವ್ಯಾಸದವರಲ್ಲಿ ಒಂದು ವಾಡಿಕೆ.
ಯಾರೇ ಸಿಗಲಿ, "ನೀವು ಐದು–ಒಂಬತ್ತು" ಅನ್ನುವುದು.
ಊಟ ಆಯ್ತಾ? ಆಯ್ತು, ನಿಮ್ದು? ಅಂದ ಹಾಗೆ.
ಹಸಿದವನೂ ಆಯ್ತು ಅಂತಾನಲ್ಲ.
ಹೆಸರು ಮೂರು ಸಲ ಹೇಳಿಸಿ,
ಊರು ನಾಲ್ಕು ಸಲ ಹೇಳಿಸಿ,
ಆಮೇಲೂ ಐದು–ಒಂಬತ್ತು.
ನನ್ನ ಲಾಗ್ ಪುಸ್ತಕದಲ್ಲಿ ಹನ್ನೊಂದು ವರ್ಷ
ದುಂಡಗಿನ ಅಕ್ಷರದಲ್ಲಿ ಅದೇ ಸುಳ್ಳು.

ಕಾಕ್ಸ್ ಟೌನಿನ ಎಲ್ವಿನ್ ಸಿಕ್ವೇರಾ ಮಾತ್ರ ಕೊಡುವವರಲ್ಲ.
ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಡೆಸಿಬೆಲ್ ಎಣಿಸಿ ನಿವೃತ್ತರಾದವರು.
"ನೀನು ನಾಲ್ಕು–ಆರು ಮಾರಾಯ.
ಪ್ರೀತಿ ಬೇರೆ, ನಂಬರು ಬೇರೆ."

ಒಂದು ಭಾನುವಾರ ಎರಡು ಬಸ್ಸು ಬದಲಿಸಿ ಬಂದರು,
ಬಿಸ್ಕತ್ ಡಬ್ಬಿಯೊಳಗೆ ಕಟ್ಟಿದ ಅಟೆನ್ಯುಯೇಟರ್ ತಂದು.
ಒಂಬತ್ತೆಂದರೆ ಐವತ್ತು ಮೈಕ್ರೋವೋಲ್ಟು,
ಒಂದೊಂದು ಮೆಟ್ಟಿಲಿಳಿದರೂ ಅರ್ಧಕ್ಕರ್ಧ.
ಸ್ವಿಚ್ಚು ಟಕ್. ಎಂಟಕ್ಕಿಳಿಯಬೇಕಾದ ಮುಳ್ಳು ಏಳಕ್ಕಿಳಿಯಿತು.
ಟಕ್. ನಾಲ್ಕು.
ಟಕ್. ಸೊನ್ನೆಯ ಗೂಟಕ್ಕೊರಗಿ ಮಲಗಿಯೇಬಿಟ್ಟಿತು.
ಕಿವಿಯಲ್ಲಿ ಸೀಟಿ ಇನ್ನೂ ಇತ್ತು,
ಚೆನ್ನಾಗಿಯೇ ಇತ್ತು.

ದೊಡ್ಡವರಿಗೆ ಸರಿಯಾಗಿ ತೂಗಿ
ಸಣ್ಣವರಿಗೆ ಕಡಿಮೆ ತೂಗುವ ತಕ್ಕಡಿ!
ನನ್ನದೇ ಮೇಜಿನ ಮೇಲೆ, ಹನ್ನೊಂದು ವರ್ಷ.
ರಸೀದಿ ಯಾರ ಹೆಸರಿಗೆ ಹರಿಯಲಿ?
ಸಿಕ್ವೇರಾ ನಗಲಿಲ್ಲ. ಕ್ಯಾಲೆಂಡರಿನ ಬೆನ್ನು ಕತ್ತರಿಸಿ
ಚೀಟಿ ಬರೆದು ಅಂಟಿಸಿದರು:
ಏಳು ಕಂಡರೆ ಎಂಟು, ನಾಲ್ಕು ಕಂಡರೆ ಏಳು,
ಸೊನ್ನೆ ಕಂಡರೆ ಕೇಳಿಸಿಕೋ.

ಜನವರಿಯ ಒಂದು ರಾತ್ರಿ, ಎರಡೂ ಮುಕ್ಕಾಲು.
ಬೀದಿ ತುದಿಯ ಟ್ರಾನ್ಸ್‌ಫಾರ್ಮರ್ ಢಬ್ ಅಂದು
ಬಡಾವಣೆಗೆ ಬಡಾವಣೆಯೇ ಕಪ್ಪು.
ನನ್ನ ಸೆಟ್ಟು ಬ್ಯಾಟರಿಯ ಮೇಲೆ.
ಮೂರನೇ ಮಹಡಿಯ ಯುಪಿಎಸ್ ಒಂಟಿಯಾಗಿ ಕಿರುಚಿ ಕಿರುಚಿ
ನಾಲ್ಕರ ಹೊತ್ತಿಗೆ ಸತ್ತಿತು.
ಮುಳ್ಳು ಗೂಟಕ್ಕೆ ಬಂದು ನಿಂತಿತು.
ಇಷ್ಟು ವರ್ಷ ಊರಿಗೆ ಊರೇ ನನ್ನ ತಟ್ಟೆಯ ಮೇಲೆ
ಮೆತ್ತಿಕೊಂಡಿತ್ತು, ಮಣ್ಣಿನ ಹಾಗೆ.

ಆಗ ಮೋರ್ಸ್. ಚುಕ್ಕೆ, ಗೆರೆ,
ಮತ್ತೆ ಗೆರೆ. ಯಾವುದೋ ದ್ವೀಪದವನು,
ಕೈ ಚಳಿಗೋ ವಯಸ್ಸಿಗೋ ತಡವರಿಸುತ್ತಿತ್ತು.
ಕರೆಹೆಸರಿನ ಕೊನೆಯ ಅಕ್ಷರಕ್ಕೇ ಏಳು ನಿಮಿಷ.

ಕೀ ಮೇಲೆ ಬೆರಳಿಟ್ಟೆ. ವಾಡಿಕೆ ಬೆರಳಲ್ಲೇ ಇತ್ತು.
ತಡೆದೆ. ಕಿವಿಯಲ್ಲೇ ತೂಗಿ ಕಳಿಸಿದೆ:
ಸ್ಪಷ್ಟತೆ ಮೂರು, ಬಲ ಎರಡು,
ಸ್ವರ ಒಂಬತ್ತು. ಸ್ವರ ನಿಜಕ್ಕೂ ಒಂಬತ್ತಿತ್ತು,
ಕಂಚಿನ ಲೋಟ ಬಡಿದ ಹಾಗೆ.
ಆ ಕಡೆ ಸ್ವಲ್ಪ ಹೊತ್ತು ಏನೂ ಇಲ್ಲ.
ಬೇಜಾರಾದನೇನೋ.
ಆಮೇಲೆ ಬಂತು: ನೀನೂ ಅಷ್ಟೇ.
ಮೂರು, ಎರಡು, ಒಂಬತ್ತು. ಥ್ಯಾಂಕ್ಯೂ, ಎರಡು ಸಲ.

ಐದೂ ಹತ್ತಕ್ಕೆ ಫ್ರಿಜ್ಜುಗಳು ಎದ್ದವು.
ಮುಳ್ಳು ಓಡಿಹೋಗಿ ಎಂಟರಲ್ಲಿ ಕೂತಿತು.
ಕೆಳಗಿನ ಮೆಟ್ಟಿಲಿಂದ ಸುಭಾಷಿಣಿಯ ದನಿ,
"ಸದ್ಯ, ಕರೆಂಟ್ ಬಂತಲ್ಲಾ!"
ಹೂಂ, ಬಂತು, ಒಳ್ಳೇದೇ ಆಯ್ತು, ಅಂದೆ.

ಐದು–ಒಂಬತ್ತು.